ಹೆಜ್ಜೆ ನೋಡಿ ಊದುವವರು

ಬ್ರಸೆಲ್ಸ್

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಮ್ಮನ್ನು ತಡೆದದ್ದು ಸುಂದರನ ಸ್ಟೀಲ್ ಡಬ್ಬಿ. ಅದರೊಳಗೆ ಡೋಲು ಬಾರಿಸುವಾಗ ಬಲಗೈ ಬೆರಳುಗಳಿಗೆ ಹಾಕಿಕೊಳ್ಳುವ ಟೊಪ್ಪಿಗಳಿದ್ದವು. ಬಟ್ಟೆಗೆ ಅಂಟು ಬಳಿದು ಒಣಗಿಸಿದ, ಕಲ್ಲಿನಂತೆ ಗಟ್ಟಿಯಾದ ಬಿಳಿ ಟೊಪ್ಪಿಗಳು. ಅಧಿಕಾರಿ ಒಂದನ್ನು ಬೆಳಕಿಗೆ ಹಿಡಿದು ನೋಡಿದ, ಮೂಸಿದ, ಪಕ್ಕದವನಿಗೆ ಕೊಟ್ಟ. ಅವನೂ ಮೂಸಿದ. ಇವು ಬೆರಳಿಗೆ ತೊಡುವಂಥವು ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆತ ಸುಂದರನ ಕೈಯನ್ನು ಕನಿಕರದಿಂದ ನೋಡಿ, ಬೆರಳಿಗೆ ಏನಾಗಿದೆ ಎಂದು ಕೇಳಿದ. ಸುಂದರ ಟೊಪ್ಪಿಗಳನ್ನು ಒಂದೊಂದಾಗಿ ತೊಟ್ಟು ಡಬ್ಬಿಯ ಮುಚ್ಚಳದ ಮೇಲೆ ಒಂದು ಸುತ್ತು ಬಾರಿಸಿ ತೋರಿಸಿದ. ನಮ್ಮನ್ನು ಬಿಟ್ಟರು.

ನಾವು ಮೂವರಿದ್ದೆವು. ಕಡಬದ ಹತ್ತಿರದ ಹಳ್ಳಿಯೊಂದರ ಜಿನ್ನಪ್ಪಣ್ಣ ಸ್ಯಾಕ್ಸೋಫೋನ್ ನುಡಿಸುವವರು. ನಮ್ಮ ಕಡೆ ಮದುವೆಗಾಗಲಿ ದೈವದ ಕೋಲಕ್ಕಾಗಲಿ ವಾಲಗದವರು ಬೇಕೇ ಬೇಕು, ಮತ್ತು ವಾಲಗವೆಂದರೆ ಈಗ ಸ್ಯಾಕ್ಸೋಫೋನ್. ಸುಂದರ ಅವರ ಹೆಂಡತಿಯ ತಮ್ಮ, ಬೆಟ್ಟಂಪಾಡಿಯವನು, ಡೋಲು ಬಾರಿಸುತ್ತಾನೆ. ನಾನು ಸುಳ್ಯದವನು, ಪುತ್ತೂರಿನಲ್ಲಿ ಪತ್ರಿಕೆಯೊಂದರ ವರದಿಗಾರ. ಅವರಿಬ್ಬರಿಗೂ ಇಂಗ್ಲಿಷ್ ಬಾರದ್ದರಿಂದ ದುಭಾಷಿಯಾಗಿ ಹೊರಟವನು. ಬೇಸಗೆಯ ಕೊನೆಗೆ ಪತ್ತನಾಜೆ ಬಂತೆಂದರೆ ಕೋಲಗಳೆಲ್ಲ ನಿಲ್ಲುತ್ತವೆ, ವಾಲಗದವರ ಕೈ ಖಾಲಿಯಾಗುತ್ತದೆ. ನಾವು ಹೊರಟದ್ದು ಅದರ ಬಳಿಕ.

ಕರೆದವರು ಎಲೆನ್ ಎಂಬ ಸಂಗೀತ ಶಿಕ್ಷಕಿ. ಹಿಂದಿನ ವರ್ಷ ಅವರು ಸುಬ್ರಹ್ಮಣ್ಯಕ್ಕೆ ಹೋಗಿ ಬಂದು ನೆಟ್ಟಣದ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದಾಗ, ಹತ್ತಿರದ ಮನೆಯೊಂದರ ಕೋಲದಿಂದ ಸ್ಯಾಕ್ಸೋಫೋನ್ ಕೇಳಿಸಿತಂತೆ. ಎದ್ದು ಆ ಕಡೆ ನಡೆದರಂತೆ. ರೈಲು ಹೋಯಿತಂತೆ. ತಮ್ಮ ಊರಿನಲ್ಲಿ ಹುಟ್ಟಿದವರೇ ಮಾಡಿದ ವಾದ್ಯ ಕಾಡಿನ ನಡುವೆ ದೈವದ ಎದುರು ಮೊಳಗುವುದನ್ನು ಅವರು ನಂಬಲಾರದೆ ನಿಂತು ಕೇಳಿದರು. ಆಮೇಲೆ ನಮ್ಮ ಪತ್ರಿಕೆಗೆ ಅವರ ಪತ್ರ ಬಂತು, ನಾನು ಜಿನ್ನಪ್ಪಣ್ಣನ ಮನೆ ಹುಡುಕಿಕೊಂಡು ಹೋದೆ. ಹೋಗಲು ಅವರು ಒಪ್ಪಿದರು, ಒಂದು ಷರತ್ತಿನೊಡನೆ. "ದೈವದ್ದು ದೈವದ ಎದುರಿಗೆ ಮಾತ್ರ. ಅದನ್ನು ಅಲ್ಲಿ ಊದುದಿಲ್ಲ. ಮದುವೆಯದ್ದು ಊದ್ತೇನೆ, ದೇವರ ನಾಮ ಊದ್ತೇನೆ." ಎಲೆನ್ ಮರುಮಾತಿಲ್ಲದೆ ಒಪ್ಪಿದರು. ಇಂಥ ಷರತ್ತನ್ನು ಗೌರವಿಸಲು ನಮ್ಮಲ್ಲೇ ಕೆಲವು ಸಂಘಟಕರಿಗೆ ಆಗುವುದಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ದಿನಾಂ

ಎಲೆನ್ ಅವರ ಊರಿನ ಹೆಸರನ್ನು ಬರೆಯುವುದು ಒಂದು ಬಗೆ, ಕರೆಯುವುದು ಇನ್ನೊಂದು ಬಗೆ. ದಿನಾಂ ಎಂದರೆ ಸಾಕು, ಕೊನೆಯ ಅಕ್ಷರಗಳನ್ನು ಅವರು ನುಂಗುತ್ತಾರೆ. ಬ್ರಸೆಲ್ಸಿನಿಂದ ರೈಲಿನಲ್ಲಿ ಹೊಳೆಯ ದಂಡೆ ಹಿಡಿದು ಬಂದರೆ ಒಂದು ಕಡೆ ಕಡಿದಾದ ಬಂಡೆ, ಅದರ ನೆತ್ತಿಯಲ್ಲಿ ಕೋಟೆ, ಬಂಡೆಯ ಬುಡಕ್ಕೆ ಅಂಟಿಕೊಂಡಂತೆ ಈರುಳ್ಳಿ ಆಕಾರದ ಗೋಪುರವಿರುವ ಇಗರ್ಜಿ. ಹೊಳೆಯ ಹೆಸರು ಮ್ಯೂಸ್. ಅಗಲದಲ್ಲಿ ನಮ್ಮ ಕುಮಾರಧಾರೆಗೆ ಸಮ, ಆದರೆ ಜೂನ್ ತಿಂಗಳಲ್ಲಿ ಕೆಂಪಾಗದ ಹೊಳೆಯನ್ನು ನೋಡಿ ಸುಂದರನಿಗೆ ಅದರ ಮೇಲೆ ಅಷ್ಟು ಗೌರವ ಬರಲಿಲ್ಲ. ಸೇತುವೆಯ ಉದ್ದಕ್ಕೂ ಆಳೆತ್ತರದ, ಬಣ್ಣ ಬಳಿದ ಸ್ಯಾಕ್ಸೋಫೋನುಗಳನ್ನು ನಿಲ್ಲಿಸಿದ್ದಾರೆ. ಬೇಕರಿಯಲ್ಲಿ ಸ್ಯಾಕ್ಸೋಫೋನ್ ಆಕಾರದ ಚಾಕಲೇಟು, ಔಷಧದಂಗಡಿಯ ಗಾಜಿನಲ್ಲೂ ಸ್ಯಾಕ್ಸೋಫೋನಿನ ಚಿತ್ರ.

ಈ ವಾದ್ಯವನ್ನು ಮಾಡಿದವರ ಮನೆ ಪೇಟೆಯ ಬೀದಿಯಲ್ಲೇ ಇದೆ. ಮನೆಯೆದುರು ಬೆಂಚಿನ ಮೇಲೆ ಅವರು ಕಂಚಿನವರಾಗಿ ಕುಳಿತಿದ್ದಾರೆ. ಪ್ರವಾಸಿಗಳು ಪಕ್ಕದಲ್ಲಿ ಕುಳಿತು ಹೆಗಲಿಗೆ ಕೈ ಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಜಿನ್ನಪ್ಪಣ್ಣ ತಮ್ಮ ಸರದಿ ಬರುವವರೆಗೆ ಕಾದು, ಬೂಟು ಬಿಚ್ಚಿ ಬದಿಗಿಟ್ಟು, ಕಂಚಿನ ಕಾಲು ಮುಟ್ಟಿ ನಮಸ್ಕರಿಸಿದರು. ಹಿಂದೆ ನಿಂತಿದ್ದ ಹುಡುಗಿಯರು ಫೋಟೊ ತೆಗೆಸಿಕೊಳ್ಳುವಾಗ ಹೆಗಲಿಗೆ ಕೈ ಹಾಕಲಿಲ್ಲ.

"ಭಾವ, ನೀವು ಇದು ಮಂಗಳೂರಿಂದ ಬಂದ ವಾದ್ಯ ಅಂತ ಹೇಳ್ತಾ ಇದ್ದದ್ದಲ್ವಾ?" ಎಂದು ಸುಂದರ ಕೆಣಕಿದ.

"ನನಗೆ ಬಂದದ್ದು ಮಂಗಳೂರಿಂದಲೇ. ಅವರಿಗೆ ಎಲ್ಲಿಂದ ಬಂತು ಅಂತ ನಾನು ಕೇಳ್ಲಿಲ್ಲ."

ಆ ಊರಿನ ಇನ್ನೊಂದು ಹೆಮ್ಮೆ ಜೇನು ಮತ್ತು ಗೋಧಿಯ ಬಿಸ್ಕತ್ತು. ಮರದ ಅಚ್ಚಿನಲ್ಲಿ ಒತ್ತಿ ಮಾಡಿದ್ದರಿಂದ ನೋಡಲು ಕೆತ್ತನೆಯ ಹಲಗೆಯಂತಿರುತ್ತದೆ. ಗಟ್ಟಿತನವೂ ಹಲಗೆಯದ್ದೇ. ಎಲೆನ್ ಎಚ್ಚರಿಸುವ ಮೊದಲೇ ಸುಂದರ ಕಚ್ಚಿದ. ಬಿಸ್ಕತ್ತಿಗೆ ಏನೂ ಆಗಲಿಲ್ಲ, ಅವನು ದವಡೆ ಹಿಡಿದುಕೊಂಡು ಅಂಗಡಿಯ ಮೆಟ್ಟಿಲಲ್ಲಿ ಕುಳಿತ. ಅದನ್ನು ಕಚ್ಚಬಾರದಂತೆ, ಚೂರು ಮುರಿದು ಬಾಯಲ್ಲಿಟ್ಟು ಕಾಯಬೇಕಂತೆ. ಜಿನ್ನಪ್ಪಣ್ಣ ತಮ್ಮ ಪಾಲನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿದರು. ತಮ್ಮ ಹೊಟ್ಟೆಪಾಡು ಮೇಲಿನ ಎರಡು ಹಲ್ಲಿನಲ್ಲಿ ಇರುವುದರಿಂದ ಇದನ್ನು ಊರಿಗೆ ಒಯ್ದು ಹಲ್ಲಿಲ್ಲದ ಅತ್ತೆಗೆ ಕೊಡುವುದೇ ಕ್ಷೇಮ ಎಂದರು.

ಸಭಾಂಗಣ

ಮೊದಲ ಕಾರ್ಯಕ್ರಮ ಸಂಗೀತ ಶಾಲೆಯ ಸಭಾಂಗಣದಲ್ಲಿ. ಹೇಳಿದ ಹೊತ್ತಿಗೆ ಜನ ಬಂದರು, ಹೇಳಿದ ಹೊತ್ತಿಗೆ ಬಾಗಿಲು ಮುಚ್ಚಿತು. ಆಮೇಲೆ ಬಂದವರು ಹೊರಗೇ ನಿಂತರು. ಮಕ್ಕಳ ಅಳುವಿಲ್ಲ, ಮೊಬೈಲಿನ ಸದ್ದಿಲ್ಲ. ಕೆಮ್ಮು ಬಂದವರು ಒಂದು ರಾಗ ಮುಗಿಯುವವರೆಗೆ ಅದನ್ನು ತಡೆದುಕೊಂಡು, ಬಿಡುವಿನಲ್ಲಿ ಎಲ್ಲರೂ ಒಟ್ಟಿಗೆ ಕೆಮ್ಮಿದರು. ನಮ್ಮಲ್ಲಿ ವಾಲಗದವರು ನುಡಿಸುವಾಗ ಪಕ್ಕದಲ್ಲೇ ಅಡಿಗೆಯವರು ಸಾಂಬಾರಿಗೆ ಉಪ್ಪು ಕೇಳುತ್ತಾರೆ, ಮದುಮಗನ ಮಾವ ಕಾರಿನ ನಂಬರು ಕೂಗುತ್ತಾರೆ. ಇಷ್ಟು ಮರ್ಯಾದೆಯ ಮೌನವನ್ನು ನಾನು ನ್ಯಾಯಾಲಯದಲ್ಲೂ ಕಂಡಿಲ್ಲ.

ನನಗದು ಬಹಳ ಹಿಡಿಸಿತು. ವೇದಿಕೆಯ ಮೇಲಿದ್ದವರಿಗೆ ಹಿಡಿಸಲಿಲ್ಲವೆಂದು ಬೇಗನೆ ಗೊತ್ತಾಯಿತು. ದೀಪಗಳು ಅವರಿಬ್ಬರ ಮೇಲೆ ಮಾತ್ರ ಇದ್ದವು, ಕೆಳಗೆ ಕತ್ತಲು. ಜಿನ್ನಪ್ಪಣ್ಣ ಕಣ್ಣಿಗೆ ಕೈ ಅಡ್ಡ ಹಿಡಿದು ಸಭೆಯನ್ನು ಹುಡುಕಿದರು. ಮುಂದಿನ ಸಾಲಿನಲ್ಲಿ ಮಂದ ಬೆಳಕಿಗೆ ಕಾಣುತ್ತಿದ್ದವರು ಒಬ್ಬರೇ, ಗಾಲಿಯ ನಡೆಗೋಲನ್ನು ಎದುರಿಗಿಟ್ಟುಕೊಂಡ ಮುದುಕಿ. ಅವರ ಕಣ್ಣು ಮುಚ್ಚಿತ್ತು. ನಿದ್ದೆ ಎಂದು ನಾನೂ ಎಣಿಸಿದೆ.

ಊದಿದ್ದರಲ್ಲಿ ತಪ್ಪಿರಲಿಲ್ಲ. ಮೋಹನ ರಾಗವನ್ನು ಅವರು ಶುದ್ಧವಾಗಿಯೇ ನುಡಿಸಿದರು. ಆದರೆ ಊರಿನಲ್ಲಿ ನಾನು ಕೇಳಿದ ಜಿನ್ನಪ್ಪಣ್ಣ ಅಲ್ಲಿರಲಿಲ್ಲ. ಮದುವೆ ಮನೆಯಲ್ಲಿ ಅವರು ಒಂದು ಸ್ವರವನ್ನು ಎಳೆದು, ತಡೆದು, ಇನ್ನೇನು ಬಿಟ್ಟೇಬಿಟ್ಟರು ಎನ್ನುವಾಗ ಮತ್ತೆ ಹಿಡಿಯುತ್ತಾರೆ. ಊಟಕ್ಕೆ ಕುಳಿತವರ ಕೈ ಎಲೆಯ ಮೇಲೆ ನಿಂತುಬಿಡುವುದನ್ನು ನೋಡಿದ್ದೇನೆ. ಇಲ್ಲಿ ಸ್ವರಗಳು ಒಂದರ ಹಿಂದೆ ಒಂದು ಸಾಲಾಗಿ ಬಂದು ಹೋದವು.

ನುಡಿಸಬೇಕೆಂದು ಎಣಿಸಿದ್ದರಲ್ಲಿ ಇನ್ನೂ ಎರಡು ಬಾಕಿ ಇದ್ದಾಗ ಸುಂದರ ಡೋಲಿನಲ್ಲಿ ದೊಡ್ಡದೊಂದು ಮುಕ್ತಾಯ ಬಾರಿಸಿದ. ಜಿನ್ನಪ್ಪಣ್ಣ ವಾದ್ಯ ಕೆಳಗಿಳಿಸಿ, ಅದರ ಬಾಯಿಯ ರೀಡ್ ಒರೆಸತೊಡಗಿದರು. ಕಾರ್ಯಕ್ರಮ ಮುಗಿಯಿತೆಂದು ಸಭೆಯವರು ಎಣಿಸಿದರು. ಜನ ಚಪ್ಪಾಳೆ ತಟ್ಟಿದರು. ಮೊದಲು ಚದುರಿದ ಚಪ್ಪಾಳೆ, ಬಳಿಕ ಎಲ್ಲರೂ ಸೇರಿ ಒಂದೇ ಲಯದಲ್ಲಿ, ಟಪ್, ಟಪ್, ಟಪ್, ನಿಲ್ಲಿಸದೆ. ಒಬ್ಬೊಬ್ಬರಾಗಿ ಎದ್ದು ನಿಂತರು.

ಆ ಚಪ್ಪಾಳೆಯನ್ನು ನಮ್ಮ ತಾಲೂಕುಗಳ ಸಭೆಗಳಲ್ಲಿ ಕುಳಿತವರೆಲ್ಲ ಬಲ್ಲರು. ಅಧ್ಯಕ್ಷರ ಭಾಷಣ ಮುಗಿಯದೆ ಊಟ ತಡವಾದಾಗ ಹಿಂದಿನ ಸಾಲಿನಿಂದ ಶುರುವಾಗುವುದು ಅದೇ. ಸಾಕು, ಕೂತುಕೊಳ್ಳಿ ಎಂದು ಅದರ ಅರ್ಥ. ಅಂಥ ಸಭೆಗಳ ವರದಿ ಬರೆದೇ ನನ್ನ ತಲೆ ನರೆತದ್ದು, ಹಾಗಾಗಿ ನನಗೂ ಬೇರೆ ಅರ್ಥ ಹೊಳೆಯಲಿಲ್ಲ. ಜಿನ್ನಪ್ಪಣ್ಣನ ಮುಖ ಕಪ್ಪಿಟ್ಟಿತು. ಕೈಮುಗಿದು, ಸ್ಯಾಕ್ಸೋಫೋನಿನ ಕತ್ತು ಹಿಡಿದು, ವೇದಿಕೆಯಿಂದ ಇಳಿದೇಬಿಟ್ಟರು. ಹಿಂದೆ ಡೋಲು ಹೆಗಲಿಗೇರಿಸಿಕೊಂಡು ಸುಂದರ. ಜನ ಇನ್ನೂ ಜೋರಾಗಿ ತಟ್ಟಿದರು, ಇವರು ಇನ್ನೂ ಬೇಗ ನಡೆದರು.

ಎಲೆನ್ ಮನೆ

ನಾವು ಇಳಿದುಕೊಂಡಿದ್ದ ತಮ್ಮ ಮನೆಗೆ ಎಲೆನ್ ನಮ್ಮ ಹಿಂದೆಯೇ ಓಡಿ ಬಂದಿದ್ದರು. ಏಕೆ ಹೊರಟಿರಿ, ಯಾರಾದರೂ ನೋಯಿಸಿದರೇ ಎಂದು ಕೇಳಿದರು. ಒಂದೇ ಲಯದ ಚಪ್ಪಾಳೆ ಇನ್ನೊಂದು ನುಡಿಸಿ ಎಂಬ ಬೇಡಿಕೆ, ಎದ್ದು ನಿಲ್ಲುವುದು ಅವರು ಕೊಡಬಹುದಾದ ಅತಿ ದೊಡ್ಡ ಮರ್ಯಾದೆ ಎಂದು ವಿವರಿಸಿದರು. ನಾನು ಅದನ್ನು ಹಾಗೆಯೇ ತುಳುವಿಗೆ ತಂದೆ. ಸುಂದರ ನಂಬಿದ, ನಕ್ಕ, ಎರಡು ಸಲ ಅನ್ನ ಬಡಿಸಿಕೊಂಡ. ಹೊರಗೆ ಇನ್ನೂ ಬಿಸಿಲಿದೆ, ಇದು ಮಧ್ಯಾಹ್ನದ ಊಟವೋ ರಾತ್ರಿಯದ್ದೋ ಎಂದು ಕೇಳಿದ.

ಜಿನ್ನಪ್ಪಣ್ಣ ನಂಬಲಿಲ್ಲ. ಮನೆಗೆ ಬಂದ ನೆಂಟರಿಗೆ ನಾವೂ ಹೀಗೆಯೇ ಸಮಾಧಾನ ಹೇಳುವುದಲ್ಲವೇ ಎಂಬುದು ಅವರ ತರ್ಕ. ಹಿತ್ತಿಲಿನ ಕಟ್ಟೆಯ ಮೇಲೆ ಕುಳಿತಿದ್ದವರ ಬಳಿಗೆ ಹೋದೆ. ನಮ್ಮ ಮಾತುಕತೆ ಎಂದೂ ತುಳುವಿನಲ್ಲೇ, ಗಂಭೀರ ವಿಷಯವಿದ್ದರೆ ಮಾತ್ರ ಅವರು ಪೇಪರಿನವರೊಡನೆ ಮಾತನಾಡುವಂತೆ ಕನ್ನಡಕ್ಕೆ ಬರುತ್ತಾರೆ. ಅಂದು ಕನ್ನಡದಲ್ಲಿ ಶುರುಮಾಡಿದರು.

"ನಾಳೆ ನಾನು ಊದುದಿಲ್ಲ ಗೌಡ್ರೆ. ಎಲೆನ್ ಅಮ್ಮನಿಗೆ ನೀವೇ ಹೇಳಿ."

ಮರುದಿನ ಸೇತುವೆಯ ಬಳಿಯ ಚೌಕದಲ್ಲಿ ಎರಡನೆಯ ಕಾರ್ಯಕ್ರಮವಿತ್ತು. ಕಾರಣ ಕೇಳಿದೆ.

"ಇಷ್ಟು ವರ್ಷ ಊದಿದೆ. ನನ್ನನ್ನು ಕೇಳ್ಲಿಕ್ಕೆ ಅಂತ ಯಾರೂ ಬಂದದ್ದಿಲ್ಲ. ಮದುವೆಗೆ ಬರ್ತಾರೆ, ಕೋಲಕ್ಕೆ ಬರ್ತಾರೆ. ನಾವು ಅಲ್ಲಿ ಇರ್ತೇವೆ, ಅಷ್ಟೆ. ಅದರಲ್ಲಿ ಬೇಜಾರು ಎಂತ ಇಲ್ಲ. ಇಲ್ಲಿ ಮೊದಲ ಸಲ ಜನ ನನ್ನ ವಾಲಗ ಕೇಳ್ಲಿಕ್ಕೆ ಅಂತಲೇ ಬಂದು ಕೂತ್ರು. ಆ ಅಮ್ಮ ಹೇಳಿದ್ದು ನಿಜವೇ ಇರ್ಬಹುದು. ಆದ್ರೆ ನಾನು ಊದಿದ್ದು ಅವರಿಗೆ ಮುಟ್ಲಿಲ್ಲ. ಅದು ನನಗೆ ಗೊತ್ತುಂಟು."

ಯಾಕೆ ಮುಟ್ಟಲಿಲ್ಲ ಎಂದು ಕೇಳಿದೆ.

"ನಾನು ಎಲ್ಲಿ ನೋಡುದು ಮಾರಾಯ್ರೆ? ಕಾಲೇ ಕಾಣುದಿಲ್ಲ."

ಆಮೇಲೆ ಅವರು ವಿವರಿಸಿದ್ದನ್ನು ಸಂಕ್ಷೇಪವಾಗಿ ಬರೆಯುತ್ತೇನೆ. ಮದುವೆಯ ದಿಬ್ಬಣ ಬರುವಾಗ ವಾಲಗದವರು ಮುಂದೆ ನಡೆಯುತ್ತಾರೆ, ಆದರೆ ಕಣ್ಣು ಹಿಂದಿರುತ್ತದೆ. ದಿಬ್ಬಣದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು ಎಂದು ಮೊದಲು ನೋಡಬೇಕು. ಸಾಮಾನ್ಯವಾಗಿ ಅದು ಅಜ್ಜಿಯೋ, ಮೊಣಕಾಲು ನೋವಿನ ದೊಡ್ಡಮ್ಮನೋ. ಅವರ ಹೆಜ್ಜೆಗೆ ತಾಳ ಹೊಂದಿಸಬೇಕು. ಯುವಕರ ಕಾಲಿಗೆ ಊದಿದರೆ ದಿಬ್ಬಣ ಎರಡು ತುಂಡಾಗುತ್ತದೆ, ಅಜ್ಜಿ ಹಿಂದುಳಿಯುತ್ತಾಳೆ. ಅಜ್ಜಿಯ ಕಾಲಿಗೆ ಊದಿದರೆ ಅವಳಿಗೆ ತಾನು ನಡೆಯುತ್ತಿದ್ದೇನೆ ಎಂಬುದೇ ಮರೆಯುತ್ತದೆ. ಕೋಲದಲ್ಲೂ ಹಾಗೆಯೇ, ದೈವ ಕಟ್ಟಿ ಕುಣಿಯುವವರ ಪಾದದಿಂದ ಕಣ್ಣು ಕೀಳುವಂತಿಲ್ಲ. ಸ್ವರವನ್ನು ಎಷ್ಟು ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅವರು ಕಲಿತದ್ದೇ ಹೀಗೆ. ಕುಳಿತ ಜನಕ್ಕೆ, ಅದೂ ಕತ್ತಲೆಯಲ್ಲಿ ಕುಳಿತವರಿಗೆ, ಎಷ್ಟು ಎಳೆಯುವುದೆಂದು ಅವರಿಗೆ ಗೊತ್ತಾಗಲಿಲ್ಲ.

ಕಲಾವಿದರು ಪ್ರೇಕ್ಷಕರ ಮನ ಮುಟ್ಟಿದರು ಎಂದು ನಾನು ಎಷ್ಟೋ ವರದಿಗಳನ್ನು ಮುಗಿಸಿದ್ದೇನೆ. ಮುಟ್ಟುವುದು ಹೇಗೆ ಎಂದು ಯಾರನ್ನೂ ಕೇಳಿದ ನೆನಪಿಲ್ಲ.

ಎಲೆನ್ ಬಾಗಿಲಲ್ಲಿ ನಿಂತಿದ್ದರು. ಅಷ್ಟನ್ನೂ ಇಂಗ್ಲಿಷಿಗೆ ತರುವಾಗ ದಿಬ್ಬಣ ಎಂಬಲ್ಲಿ ನಾನು ತಡವರಿಸಿದೆ. ಅವರು ಪೂರ್ತಿ ಕೇಳಿ, ಚೌಕದಲ್ಲಿ ಹಾಕುವ ಕುರ್ಚಿಗಳನ್ನು ಬೇಡವೆನ್ನಬಹುದು ಎಂದರು. ಒಳಗೆ ಸುಂದರ ಪಾತ್ರೆ ತೊಳೆಯಲು ಹೋಗಿ ನಲ್ಲಿ ನಿಲ್ಲಿಸುವುದು ಹೇಗೆಂದು ತಿಳಿಯದೆ ಕರೆಯುತ್ತಿದ್ದ. ನಾನು ಹೋಗಿ ಬರುವಷ್ಟರಲ್ಲಿ ಜಿನ್ನಪ್ಪಣ್ಣ ಕೈಸನ್ನೆಯಲ್ಲೇ ಎಲೆನ್‌ಗೆ ಏನನ್ನೋ ಕೇಳಲು ಹೆಣಗುತ್ತಿದ್ದರು. ಎರಡು ಬೆರಳುಗಳನ್ನು ಮೊಣಕೈಯ ಮೇಲೆ ನಡೆಸಿ ತೋರಿಸುತ್ತಿದ್ದರು.

"ಆ ಸೇತುವೆ ದಾಟ್ಲಿಕ್ಕೆ ನಮ್ಮನ್ನು ಬಿಡ್ತಾರಾ ಅಂತ ಕೇಳಿ."

ಬದಿಯ ಕಾಲುದಾರಿಯಲ್ಲಿ ಯಾರು ಬೇಕಾದರೂ ನಡೆಯಬಹುದು, ಯಾರ ಅನುಮತಿಯೂ ಬೇಡ ಎಂದರು ಎಲೆನ್.

ಸೇತುವೆ

ಮರುದಿನ ಮಧ್ಯಾಹ್ನದ ಬಳಿಕ ಮೋಡವಿತ್ತು, ಮಳೆಯಿರಲಿಲ್ಲ. ಚೌಕದಲ್ಲಿ ಕುರ್ಚಿಗಳಿರಲಿಲ್ಲ. ಹಿಂದಿನ ದಿನ ಬಂದಿದ್ದವರಲ್ಲಿ ಹಲವರು ಮತ್ತೆ ಬಂದಿದ್ದರು. ಗಾಲಿಯ ನಡೆಗೋಲಿನ ಮುದುಕಿಯೂ ಇದ್ದರು. ಅವರು ಎಲೆನ್ ಅವರ ನೆರೆಮನೆಯವರಂತೆ, ಹೆಸರು ಒಡೆಟ್. ಹಿಂದಿನ ದಿನ ಅವರು ನಿದ್ದೆ ಮಾಡಿರಲಿಲ್ಲವಂತೆ. ಒಳ್ಳೆಯ ಸಂಗೀತವನ್ನು ಕಣ್ಣು ತೆರೆದು ಕೇಳುವ ಅಭ್ಯಾಸ ತನಗಿಲ್ಲ ಎಂದು ಎಲೆನ್ ಮೂಲಕ ನನಗೆ ಸ್ಪಷ್ಟನೆ ಕೊಟ್ಟರು. ನಾನು ಅದನ್ನು ಜಿನ್ನಪ್ಪಣ್ಣನಿಗೆ ತಲುಪಿಸಿದೆ. ಅವರು ಒಡೆಟ್ ಅವರ ಮುಖವನ್ನು ನೋಡಲಿಲ್ಲ, ಬೂಟುಗಳನ್ನು ನೋಡಿದರು.

ಮದುವೆಯ ದಿಬ್ಬಣ ಹೊರಡುವಾಗ ಊದುವ ರಾಗವನ್ನು ಶುರುಮಾಡಿ ಅವರು ಜನರಿಗೆ ಬೆನ್ನು ಹಾಕಿದರು, ಸೇತುವೆಯತ್ತ ನಡೆದರು. ಪಕ್ಕದಲ್ಲಿ ಸುಂದರ. ಜನ ಮಿಸುಕಲಿಲ್ಲ. ಹಿಂದಿನ ದಿನವೂ ಇವರು ಚಪ್ಪಾಳೆಯ ನಡುವೆಯೇ ಎದ್ದು ಹೋದವರಲ್ಲವೇ, ಇಂದು ಶುರುವಿನಲ್ಲೇ ಹೊರಟರೆಂದು ಎಣಿಸಿರಬೇಕು. ಮರ್ಯಾದೆಯಿಂದ ನಿಂತು ನೋಡುತ್ತಿದ್ದರು.

"ಭಾವ, ಯಾರೂ ಬರುದಿಲ್ಲ," ಎಂದ ಸುಂದರ, ಬಾರಿಸುತ್ತಲೇ. "ನಾವಿಬ್ಬರೇ ಮದುಮಕ್ಕಳು."

ಜಿನ್ನಪ್ಪಣ್ಣ ನಿಂತರು, ಊದುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅರ್ಧ ತಿರುಗಿ, ದಿಬ್ಬಣದ ರಾಗದ ಸಾಲನ್ನೇ ಮತ್ತೆ ಮೊದಲಿನಿಂದ ಹಿಡಿದರು. ಎಲೆನ್ ಜನರತ್ತ ತಿರುಗಿ ಫ್ರೆಂಚಿನಲ್ಲಿ ಎರಡು ಮಾತು ಹೇಳಿದರು. ಏನು ಹೇಳಿದಿರೆಂದು ನಾನು ಬಳಿಕ ಕೇಳಿದೆ. ಇದು ಕೂತು ಕೇಳುವ ಸಂಗೀತವಲ್ಲ, ನಾವು ನಡೆದರೆ ಅವರು ನುಡಿಸುತ್ತಾರೆ ಎಂದಿದ್ದರಂತೆ. ಆದರೂ ಯಾರಿಗೂ ಮೊದಲಿಗರಾಗುವ ಧೈರ್ಯವಿರಲಿಲ್ಲ. ಈ ಸಂಕೋಚ ನಮ್ಮವರದ್ದೇ, ಊಟದ ಪಂಕ್ತಿಗೆ ಮೊದಲು ಕೂರಲು ನಾವೂ ಹೀಗೆಯೇ ಹಿಂದೆ ಮುಂದೆ ನೋಡುತ್ತೇವೆ.

ಆಗ ಗಾಲಿಗಳು ಕಲ್ಲುಹಾಸಿನ ಮೇಲೆ ಗಡಗಡ ಸದ್ದು ಮಾಡಿದವು. ಒಡೆಟ್ ಹೊರಟಿದ್ದರು.

ಒಂದು ಹೆಜ್ಜೆ, ಗಾಲಿ ಮುಂದೆ, ಎಡಗಾಲನ್ನು ಎಳೆದು ಇನ್ನೊಂದು ಹೆಜ್ಜೆ. ಜಿನ್ನಪ್ಪಣ್ಣನ ಕಣ್ಣು ಆ ಎಡಗಾಲಿಗೆ ಅಂಟಿತು. ಸುಂದರ ಎರಡು ಏಟಿನ ನಡುವೆ ಜಾಗ ಬಿಟ್ಟ. ರಾಗ ಮೊದಲಿನದ್ದೇ, ಆದರೆ ಈಗ ಸ್ವರವೊಂದು ಕಾಲು ಎತ್ತುವಾಗ ಎದ್ದು, ಎಳೆಯುವಷ್ಟು ಹೊತ್ತು ಎಳೆದು, ಪಾದ ನೆಲ ಮುಟ್ಟುವಾಗ ಕೆಳಗಿಳಿಯಿತು. ಊರಿನಲ್ಲಿ ನಾನು ಬಲ್ಲ ಜಿನ್ನಪ್ಪಣ್ಣ ಬಂದುಬಿಟ್ಟಿದ್ದರು. ಎಲೆನ್ ಸೇರಿಕೊಂಡರು, ಅವರ ಹಿಂದೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಒಬ್ಬ ಗಂಡಸು, ಬೇಕರಿಯ ಹೆಂಗಸು, ಸಂಗೀತ ಶಾಲೆಯ ಹತ್ತಾರು ಮಂದಿ. ಯಾರೂ ಒಡೆಟ್ ಅವರನ್ನು ದಾಟಿ ಮುಂದೆ ಹೋಗಲಿಲ್ಲ. ಹೋಗಬಾರದೆಂದು ಯಾರೂ ಹೇಳಿರಲಿಲ್ಲ. ಎಲ್ಲರ ಕಾಲೂ ಆ ತಾಳಕ್ಕೆ ಬಿದ್ದಿತ್ತು.

ಮುಂದಿನವರು ಹಿಂದೆ ನೋಡುತ್ತಾ, ಹಿಂದಿನವರು ಮುಂದೆ ನೋಡುತ್ತಾ ಸೇತುವೆ ಏರಿದೆವು. ನದಿಯ ಗಾಳಿ ತಣ್ಣಗಿತ್ತು. ಅದಕ್ಕೆ ಶ್ರುತಿ ಸ್ವಲ್ಪ ಇಳಿದದ್ದು ನನ್ನ ಕಿವಿಗೂ ಗೊತ್ತಾಯಿತು, ಯಾರೂ ಲೆಕ್ಕಿಸಲಿಲ್ಲ. ಹೆಗಲ ಮೇಲಿನ ಮಗು ಅಪ್ಪನ ತಲೆಯ ಮೇಲೆ ಡೋಲು ಬಾರಿಸುತ್ತಿತ್ತು.

ನಡು ಸೇತುವೆಯಲ್ಲಿ ಒಡೆಟ್ ನಿಂತರು. ಎದೆ ಮೇಲೆ ಕೆಳಗೆ ಆಗುತ್ತಿತ್ತು. ಎಲೆನ್ ತೋಳು ಹಿಡಿಯಲು ಬಂದರು, ಅವರು ಬೇಡವೆಂದರು. ಹಿಂದೆ ಜನವೆಲ್ಲ ನಿಂತರು, ಸೈಕಲಿನವರು ಇಳಿದು ನಿಂತರು. ನಮ್ಮಲ್ಲಾದರೆ ಮುಹೂರ್ತ ಮೀರುತ್ತದೆಂದು ಯಾರಾದರೊಬ್ಬ ಮಾವ ಇಷ್ಟು ಹೊತ್ತಿಗೆ ಕೂಗಿಕೊಳ್ಳುತ್ತಿದ್ದರು. ಇಲ್ಲಿ ಯಾರೂ ಅವಸರ ಮಾಡಲಿಲ್ಲ.

ಸುಂದರ ಕೈ ಎತ್ತಿ ಡೋಲು ನಿಲ್ಲಿಸಿದ. ಜಿನ್ನಪ್ಪಣ್ಣ ನಿಲ್ಲಿಸಲಿಲ್ಲ. ಸಾಲಿನ ಕೊನೆಯ ಸ್ವರದ ಹಿಂದಿನ ಸ್ವರವನ್ನು ಹಿಡಿದು ಅಲ್ಲೇ ಉಳಿದರು. ಅದನ್ನು ಸಣ್ಣದು ಮಾಡಿದರು, ತುಸು ಅಲುಗಿಸಿದರು, ಮೂಗಿನಿಂದ ಉಸಿರೆಳೆದು ಮತ್ತೆ ಹಿಡಿದರು. ಮುಗಿಯಬೇಕಾದ ಮಾತೊಂದು ಮುಗಿಯದೆ ಸೇತುವೆಯ ಮೇಲೆ ನಿಂತಂತೆ ಇತ್ತು. ನನ್ನ ಪಕ್ಕದ ಬೇಕರಿಯ ಹೆಂಗಸಿನ ಕಣ್ಣಲ್ಲಿ ನೀರು ಬಂದಿತ್ತು, ಆಕೆ ಅದನ್ನು ಒರೆಸಿಕೊಳ್ಳಲಿಲ್ಲ. ಆ ಕೊನೆಯ ಸ್ವರಕ್ಕೆ ಹೋಗಲು ಒಬ್ಬರ ಕಾಲಿನ ಅಪ್ಪಣೆ ಬೇಕು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಗಿತ್ತು, ಅವರಲ್ಲಿ ಯಾರಿಗೂ ನಮ್ಮ ಭಾಷೆ ಬರುತ್ತಿರಲಿಲ್ಲ.

ಒಡೆಟ್ ಕಣ್ಣು ಮುಚ್ಚಿದರು. ಉಸಿರು ಹದಕ್ಕೆ ಬಂತು. ನಡೆಗೋಲನ್ನು ಮುಂದೆ ತಳ್ಳಿ, ಎಡಗಾಲು ಎತ್ತಿದರು. ಜಿನ್ನಪ್ಪಣ್ಣ ಕಾದರು. ಪಾದ ನೆಲ ಮುಟ್ಟಿದಾಗ ಆ ಕೊನೆಯ ಸ್ವರವನ್ನು ಬಿಟ್ಟುಕೊಟ್ಟರು.